ಎರಡು ಹಲಗೆ, ಒಂದು ಗೆರೆ

ಮೂಡುಬಿದಿರೆಯ ಚೌಟರ ಅರಮನೆಗೆ ಹೋದವರು ಮರದ ಕಂಬದಲ್ಲಿ ಕೆತ್ತಿದ ನವನಾರೀಕುಂಜರವನ್ನು ನೋಡದೆ ಬರುವುದಿಲ್ಲ. ಆದರೆ ಮೇಜಿನಲ್ಲಿ ಎರಡು ಹಲಗೆಗಳು ಕೂಡಿದ ಸಂದನ್ನು ಯಾರೂ ನೋಡುವುದಿಲ್ಲ. ಕಣ್ಣಿಗೆ ಬೀಳದಿರುವುದೇ ಒಳ್ಳೆಯ ಸಂದಿನ ಲಕ್ಷಣ. ಬಡಗಿಯ ಈ ವಿದ್ಯೆಯನ್ನು ನಾನು ಒಮ್ಮೆ ಕೆಡಿಸಿಯೇ ಕಲಿತೆನು.

ಗುರುವಾಯನಕೆರೆಯ ನಮ್ಮ ಹಿತ್ತಿಲಲ್ಲಿ ಅಜ್ಜ ನೆಟ್ಟ ಹಲಸಿನ ಮರ ಗಾಳಿಗೆ ಉರುಳಿತು. ಅದರಿಂದ ನಾಲ್ಕು ಹಲಗೆಗಳು ದೊರೆತುವು. ಅವು ಒಣಗಿದ ಮೇಲೆ ಓದುವ ಮೇಜು ಮಾಡಹೊರಟೆನು. ಅಂಚುಗಳನ್ನು ಕೀಸುಳಿಯಿಂದ ಹೆರೆದು ಜೋಡಿಸಿದಾಗ ನಡುಭಾಗ ತಾಗಿತು. ತುದಿಗಳಲ್ಲಿ ಕಾಗದ ತೂರುವಷ್ಟು ಬಿರುಕು ಉಳಿಯಿತು. ಕ್ಲಾಂಪು ಬಿಗಿದು ಅದನ್ನು ಮುಚ್ಚಿದೆನು. ನವೆಂಬರಿನಲ್ಲಿ ಅಂಟಿಸಿದ ಮೇಜು ಮಾರ್ಚಿನಲ್ಲಿ, ಸರಿಯಾಗಿ ಪರೀಕ್ಷೆಯ ಹೊತ್ತಿಗೆ, ತುದಿಯಿಂದ ಬಾಯಿಬಿಟ್ಟಿತು.

ನೆರೆಯ ಆಚಾರ್ರು ನೋಡಿ ನಕ್ಕರು. "ಎಳೆದು ಕಟ್ಟಿದ್ದು ಎಷ್ಟು ದಿನ ನಿಲ್ತದೆ ಮಾರಾಯ? ಕ್ಲಾಂಪು ಇಲ್ಲದೆ ಕೂತದ್ದು ಮಾತ್ರ ಕೂತದ್ದು" ಎಂದರು.

ಅವರ ಮಾತಿಗೆ ಕಾರಣವಿದೆ. ಮರವು ಉದ್ದಕ್ಕಿಂತ ಅಡ್ಡಕ್ಕೆ ಹೆಚ್ಚು ಹಿಗ್ಗಿ ಕುಗ್ಗುವುದು. ಹಲಗೆಯ ತುದಿಯು ನಡುವಿಗಿಂತ ಬೇಗ ಒಣಗುವುದು. ಮೊದಲೇ ಬಲವಂತವಾಗಿ ಮುಚ್ಚಿದ ತುದಿ ಬೇಸಗೆಯಲ್ಲಿ ಕುಗ್ಗಿದಾಗ ಅಂಟು ಸೋಲುವುದು.

ಹಳೆಯ ಅಂಟಿನ ಗೆರೆಗಳನ್ನು ಗರಗಸದಿಂದ ಸೀಳಿದೆನು. ಮೇಜಿನ ಅಗಲ ಕುಗ್ಗಿತು. ಮೂರನೆಯ ಪ್ರಯತ್ನಕ್ಕೆ ಮರವಿರಲಿಲ್ಲ. ಈ ಸಲ ಕೈಯಲ್ಲಿ ಹಿಡಿಯುವ ರೂಟರ್ ಯಂತ್ರವನ್ನು ಎರವಲು ತಂದೆನು. ಕ್ರಮ ಹೀಗಿದೆ:

ಮೊದಲು ಹಲಗೆಗಳನ್ನು ಸಾಲಾಗಿಟ್ಟು, ಎಲ್ಲದರ ಮೇಲೂ ಹಾಯುವಂತೆ ಒಂದು ದೊಡ್ಡ ತ್ರಿಕೋನ ಬರೆಯಬೇಕು. ಆಗ ಜೋಡಿ ತಪ್ಪುವುದಿಲ್ಲ. ಅನಂತರ ಎರಡು ಹಲಗೆಗಳನ್ನು ಎದುರುಬದುರಾಗಿ ಭದ್ರಪಡಿಸಿ, ಕೆಳಗೆ ಹಳೆಯ ಹಲಗೆಯೊಂದನ್ನು ಇಡಬೇಕು. 12 ಮಿಲಿಮೀಟರಿನ ನೇರ ಬಿಟ್ ಆದರೆ ನಡುವೆ 10 ಮಿಲಿಮೀಟರ್ ಎಡೆ ಸಾಕು. ಎರಡೂ ಅಂಚುಗಳಿಂದ ಒಂದೊಂದು ಮಿಲಿಮೀಟರ್ ಹೋಗುವುದು. ಎಡಗಡೆಯ ಹಲಗೆಯ ಮೇಲೆ ನೇರಪಟ್ಟಿಯೊಂದನ್ನು ಬಿಗಿಯಬೇಕು. ಯಂತ್ರದ ತಳ 150 ಮಿಲಿಮೀಟರ್ ಅಗಲವಿದ್ದರೆ ಪಟ್ಟಿಯು ಎಡೆಯ ನಡುಗೆರೆಯಿಂದ 75 ಮಿಲಿಮೀಟರ್ ದೂರವಿರಬೇಕು. ಯಂತ್ರವನ್ನು ಪಟ್ಟಿಗೆ ಒತ್ತಿಕೊಂಡು ಮುಂದಕ್ಕೆ ದೂಡಬೇಕು. ಬಿಟ್ ತಿರುಗುವ ಬಲವೇ ಯಂತ್ರವನ್ನು ಎಡಕ್ಕೆ, ಪಟ್ಟಿಯ ಕಡೆಗೆ, ಒತ್ತುವುದು. ಒಂದೇ ಸಲಕ್ಕೆ ಪೂರ್ತಿ ಆಳ ಕೊರೆಯಬಾರದು. ಬಿಟ್ ಬದಲಿಸುವಾಗ ವಿದ್ಯುತ್ ಸಂಪರ್ಕ ತಪ್ಪಿಸಬೇಕು.

ಈ ವಿಧಾನದ ಸ್ವಾರಸ್ಯ ಇಲ್ಲಿದೆ. ಪಟ್ಟಿಯು ಕೂದಲೆಳೆಯಷ್ಟು ಬಾಗಿದ್ದರೂ ಒಂದು ಹಲಗೆಯ ಉಬ್ಬು ಇನ್ನೊಂದರ ತಗ್ಗಾಗಿ ಬೀಳುವುದು. ಆಚಾರ್ರು ಎರಡು ಹಲಗೆಗಳನ್ನು ಪುಸ್ತಕದಂತೆ ಮಡಚಿಟ್ಟು ಒಟ್ಟಿಗೆ ಹೆರೆಯುವುದೂ ಇದೇ ತತ್ತ್ವದಿಂದ: ಕೀಸುಳಿ ತುಸು ವಾಲಿದರೆ ಒಂದರ ಓರೆಯನ್ನು ಇನ್ನೊಂದರ ಓರೆ ಸರಿದೂಗಿಸುವುದು.

ಅಂಟು ಹಚ್ಚುವ ಮೊದಲು ಜೋಡಿಯನ್ನು ದೀಪಕ್ಕೆ ಹಿಡಿದೆನು, ಬೆಳಕು ತೂರಲಿಲ್ಲ. ಹಿಂದೆ ಮರವಜ್ರವನ್ನು ಕಾಯಿಸಿ ಹಚ್ಚುತ್ತಿದ್ದರು. 1959ರಲ್ಲಿ ಫೆವಿಕಾಲ್ ಬಂದ ಮೇಲೆ ಆ ಕೆಲಸ ಹಗುರವಾಯಿತು. ಎರಡು ಅಂಚಿಗೂ ತೆಳುವಾಗಿ ಹಚ್ಚಿ, ಕ್ಲಾಂಪುಗಳನ್ನು ಮೇಲೊಂದು ಕೆಳಗೊಂದು ಇಟ್ಟು ಹದವಾಗಿ ಬಿಗಿದೆನು.

ಆ ಮೇಜು ಈಗ ಒಂದು ಬೇಸಗೆಯನ್ನು ಕಳೆದಿದೆ. ಸಂದು ಎಲ್ಲಿದೆಯೆಂದು ಬೆರಳಿಗೆ ತಿಳಿಯುವುದಿಲ್ಲ. ಸೋದರ ವಿದ್ಯಾರ್ಥಿಗಳೇ, ಪ್ರತಿಯೊಂದು ಹಲಗೆಯೂ ನಿರ್ದೋಷವಾಗಿರಬೇಕೆಂದು ಮರದ ಕೆಲಸ ಕೇಳುವುದಿಲ್ಲ. ಒಂದರ ಕೊರತೆಯನ್ನು ಇನ್ನೊಂದು ತುಂಬಿದರೆ ಸಾಕು. ಬಲವಂತದ ಕೂಟವೋ, ಬೇಸಗೆ ಬರುವವರೆಗೆ ಮಾತ್ರ.