ನೆಲೆಯಿಲ್ಲದ ಮಕ್ಕಳೂ ವಿದ್ಯಾದಾಸೋಹವೂ

ದಾಸೋಹವೆಂದೊಡನೆ ನಮ್ಮ ಮನಸ್ಸಿಗೆ ಬರುವುದು ಪಂಕ್ತಿಯಲ್ಲಿ ಕುಳಿತವರ ಮುಂದಿನ ಎಲೆ. ಅನ್ನವಿಕ್ಕುವುದು ದಾಸೋಹದ ಮೊದಲ ಮೆಟ್ಟಿಲೆಂಬುದರಲ್ಲಿ ಸಂದೇಹವಿಲ್ಲ. ಆದರೆ ಯಾರ ಕಾಯಕದಿಂದ ನಮ್ಮ ಬೆಳೆ ಹಣವಾಗುತ್ತದೆಯೋ ಅವರ ಮಕ್ಕಳಿಗೆ ವಿದ್ಯೆ ದೊರೆಯುತ್ತಿದೆಯೇ ಎಂಬ ಪ್ರಶ್ನೆಯೂ ಆ ಶಬ್ದದೊಳಗೆ ಅಡಗಿದೆ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳ ಸದ್ಭಕ್ತರು ಈ ಪ್ರಶ್ನೆಯನ್ನು ದೂರದ ಮಾತೆಂದು ತಳ್ಳಿಹಾಕುವಂತಿಲ್ಲ.

ಈ ಸೀಮೆಯ ಸಿರಿಯೇ ಮನೆ ಕಳೆದುಕೊಂಡವರ ಮೇಲೆ ನಿಂತಿದೆ. 1911ರಲ್ಲಿ ಕೃಷ್ಣರಾಜಸಾಗರದ ಕೆಲಸ ಮೊದಲಾಯಿತು. ಹಳೆಯ ಕನ್ನಂಬಾಡಿ ನೀರಿನಲ್ಲಿ ಮುಳುಗಿತು. ಅಲ್ಲಿನ ಜನ ಬೇರೆಡೆ ನೆಲೆ ಹುಡುಕಿದರು. ಆ ನೀರು ನಾಲೆಗಳಲ್ಲಿ ಹರಿದು ಕಬ್ಬಾಯಿತು, ಕಬ್ಬು ಸಕ್ಕರೆಯೂ ಬೆಲ್ಲವೂ ಆಯಿತು. ಇಂದು ಆ ಕಬ್ಬನ್ನು ಕಡಿಯಲು ಬಳ್ಳಾರಿಯ ಕಡೆಯಿಂದ ಕುಟುಂಬಗಳು ಬರುತ್ತವೆ. ಆಲೆಮನೆಗಳಲ್ಲಿ ದುಡಿಯಲು ಉತ್ತರಪ್ರದೇಶದಿಂದಲೂ ಬರುತ್ತಾರೆ. ಗದ್ದೆಯ ಬದಿಯಲ್ಲಿ ಪ್ಲಾಸ್ಟಿಕ್ ಹೊದಿಸಿದ ಗುಡಾರ, ಮೂರು ಕಲ್ಲಿನ ಒಲೆ, ಒಂದೆರಡು ಪಾತ್ರೆ, ಇಷ್ಟೇ ಅವರ ಬಿಡಾರ. ತಮ್ಮ ಊರಿನಲ್ಲಿ ಅವರಿಗೆ ಮನೆಯಿರಬಹುದು. ಆದರೆ ಮಗುವಿಗೆ ಮನೆಯೆಂದರೆ ಈ ರಾತ್ರಿ ಮಲಗುವ ಜಾಗವೇ ಹೊರತು ಎಲ್ಲಿಯೋ ಬೀಗ ಹಾಕಿಬಂದ ಕೋಣೆಯಲ್ಲ.

ಸೂರಿಲ್ಲದಿರುವುದು ವಿದ್ಯೆಗೆ ಹೇಗೆ ಅಡ್ಡಬರುತ್ತದೆಂಬುದನ್ನು ಸ್ವಲ್ಪ ವಿಚಾರಿಸಿ ನೋಡೋಣ. ಗಂಡಹೆಂಡಿರಿಬ್ಬರೂ ಬೆಳಗಾಗುವ ಮುನ್ನವೇ ಮಚ್ಚು ಹಿಡಿದು ಗದ್ದೆಗಿಳಿಯುತ್ತಾರೆ. ಕೈಗೂಸನ್ನು ನೋಡಿಕೊಳ್ಳುವವರು ಯಾರು? ಎಂಟು ಹತ್ತು ವರ್ಷದ ಹೆಣ್ಣುಮಗಳು. ಗುಡಾರಕ್ಕೆ ಬಾಗಿಲಿಲ್ಲವಾದುದರಿಂದ ಕಾಳುಕಡ್ಡಿ ಕಾಯುವವಳೂ ಅವಳೇ. ನೀರು ತರುವುದು, ಸೌದೆ ಆಯುವುದು ಅವಳ ಪಾಲಿಗೇ. ಅವಳು ಶಾಲೆಗೆ ಹೋಗಲಿಲ್ಲವೆಂದರೆ ತಾಯಿತಂದೆಗಳಿಗೆ ವಿದ್ಯೆಯಲ್ಲಿ ಆದರವಿಲ್ಲವೆಂದು ಹೇಳಿಬಿಡುವುದು ಸುಲಭ, ಆದರೆ ನ್ಯಾಯವಲ್ಲ. ಇನ್ನು ಅವಳ ತಮ್ಮ ಹೇಗೋ ಶಾಲೆ ಸೇರಿದನೆನ್ನಿ. ಸಂಜೆ ಪುಸ್ತಕವನ್ನು ಎಲ್ಲಿಡಬೇಕು? ಮಳೆ ಬಂದರೆ ನೆನೆಯುತ್ತದೆ. ಓದಲು ದೀಪವಿಲ್ಲ. ಆ ಊರಿನ ಗುರುಗಳ ಮುಖ ಪರಿಚಯವಾಗುವಷ್ಟರಲ್ಲಿ ಕಟಾವು ಮುಗಿದು ಬಿಡಾರ ಮುಂದಿನ ಊರಿಗೆ ಸಾಗುತ್ತದೆ. ಸ್ವಂತ ಊರಿನ ಶಾಲೆಯಲ್ಲಿ ಅವನ ಹೆಸರಿರುತ್ತದೆ, ಅವನಿರುವುದಿಲ್ಲ. ಇಲ್ಲಿ ಅವನಿರುತ್ತಾನೆ, ಹೆಸರಿರುವುದಿಲ್ಲ. ಶರಣರು ಜಂಗಮವನ್ನು ಹಿರಿದೆಂದು ಕಂಡರು, ನಿಜ. ಆದರೆ ಹೊಟ್ಟೆಪಾಡಿಗಾಗಿ ಅಲೆಯುವ ಕೂಸಿನ ಅಲೆದಾಟವನ್ನು ಆ ಮಾತಿನಿಂದ ಸಮರ್ಥಿಸುವುದು ಸಲ್ಲದು.

ಶಾಸನ ಈ ಮಕ್ಕಳನ್ನು ಮರೆತಿಲ್ಲ. 2009ರಲ್ಲಿ ಅಂಗೀಕೃತವಾಗಿ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣದ ಹಕ್ಕಿನ ಕಾಯಿದೆಯು 6ರಿಂದ 14 ವರ್ಷದವರಿಗೆಲ್ಲ ಅನ್ವಯಿಸುತ್ತದೆ. ವರ್ಗಾವಣೆ ಪತ್ರ ಬರುವುದು ತಡವಾಯಿತೆಂದಾಗಲಿ, ವಯಸ್ಸಿನ ದಾಖಲೆಯಿಲ್ಲವೆಂದಾಗಲಿ ಮಗುವನ್ನು ಹೊರಗೆ ನಿಲ್ಲಿಸುವಂತಿಲ್ಲ. ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ, ಹಿಂದುಳಿದಿದ್ದರೆ ವಿಶೇಷ ಪಾಠ ಕೊಡಬೇಕು. ವಲಸೆ ಬಂದ ಕುಟುಂಬಗಳ ಮಕ್ಕಳ ಪ್ರವೇಶವನ್ನು ನೋಡಿಕೊಳ್ಳುವುದು ಸ್ಥಳೀಯ ಪ್ರಾಧಿಕಾರದ ಕರ್ತವ್ಯವೆಂದು ಅದೇ ಕಾಯಿದೆ ಬಿಡಿಸಿ ಹೇಳಿದೆ. ಆದರೆ ಕಾಯಿದೆ ತಾನಾಗಿ ನಡೆದು ಗುಡಾರದ ಬಳಿಗೆ ಹೋಗಲಾರದಷ್ಟೆ.

ಸರ್ಕಾರ ಶಾಲೆಯ ಬಿಸಿಯೂಟಕ್ಕೆ ‘ಅಕ್ಷರ ದಾಸೋಹ’ವೆಂಬ ಹೆಸರಿಟ್ಟಿತು. 2002ರಲ್ಲಿ ಈಶಾನ್ಯದ 7 ಜಿಲ್ಲೆಗಳಲ್ಲಿ ಮೊದಲಾಗಿ ಮರುವರ್ಷ ಉಳಿದೆಡೆಗೂ ಹಬ್ಬಿದ ಈ ಕಾರ್ಯದಿಂದ ಎಷ್ಟೋ ಮಕ್ಕಳು ಶಾಲೆಯಲ್ಲಿ ಉಳಿದುಕೊಂಡರು. ಇದು ಹಗಲಿನ ದಾಸೋಹ. ಇರುಳಿನದೇ ಕೊರತೆ. ಈ ಕೊರತೆಯನ್ನು ನಮ್ಮ ಮಠಗಳು ಬಹು ಹಿಂದೆಯೇ ಅರಿತಿದ್ದವು. ಸುತ್ತೂರಿನ ಶ್ರೀ ಶಿವರಾತ್ರಿ ರಾಜೇಂದ್ರ ಮಹಾಸ್ವಾಮಿಗಳವರು 1941ರಲ್ಲಿ ಮೈಸೂರಿನಲ್ಲಿ ಉಚಿತ ವಿದ್ಯಾರ್ಥಿನಿಲಯವನ್ನು ತೆರೆದಾಗ, ಸಿದ್ಧಗಂಗೆಯಲ್ಲಿ ಶ್ರೀ ಶಿವಕುಮಾರ ಮಹಾಸ್ವಾಮಿಗಳವರು ಜಾತಿಮತಗಳನ್ನೆಣಿಸದೆ ಸಾವಿರಾರು ಮಕ್ಕಳಿಗೆ ಆಶ್ರಯವಿತ್ತಾಗ, ಅವರು ಕೊಟ್ಟದ್ದು ಅನ್ನವೊಂದನ್ನೇ ಅಲ್ಲ; ಮಲಗಲು ಚಾಪೆ, ಓದಲು ದೀಪ, ಮರುದಿನವೂ ಇಲ್ಲಿಯೇ ಇರುತ್ತೇನೆಂಬ ಧೈರ್ಯ. ಆದರೂ ಒಂದು ಮಾತನ್ನು ಹೇಳಲೇಬೇಕು. ಪ್ರಸಾದನಿಲಯದ ಬಾಗಿಲಿಗೆ ಬರುವವನು ಸಾಮಾನ್ಯವಾಗಿ ವರ್ಷಾರಂಭದಲ್ಲಿ ಅರ್ಜಿ ಹಿಡಿದು, ತಂದೆಯ ಜೊತೆಯಲ್ಲಿ ಬರುವ ಹುಡುಗ. ನಡುವರ್ಷದಲ್ಲಿ ಬಂದು ಕೆಲವು ತಿಂಗಳಲ್ಲಿ ಹೊರಟುಹೋಗುವ ಬಿಡಾರದ ಮಗುವಿಗೆ ಆ ಬಾಗಿಲು ಇರುವುದೇ ತಿಳಿಯದು.

ಪರಸ್ಥಳದವರ ಚಿಂತೆ ನಮಗೇಕೆ ಎನ್ನುವವರೂ ಉಂಟು. ಅವರು 2020ರ ಮೇ ತಿಂಗಳನ್ನು ನೆನೆಯಲಿ. ಮುಂಬಯಿಯಲ್ಲಿ ದುಡಿಯುತ್ತಿದ್ದ ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳ ಕುಟುಂಬಗಳು ಮಹಾಮಾರಿಯ ಕಾಲದಲ್ಲಿ ಮಕ್ಕಳನ್ನು ಕಟ್ಟಿಕೊಂಡು ಹಿಂದಿರುಗಿದುವು. ಸ್ವಂತ ಸೀಮೆಗೆ ಬಂದರೂ ಸ್ವಂತ ಮನೆಗೆ ಹೋಗುವಂತಿರಲಿಲ್ಲ. ಶಾಲೆ, ವಿದ್ಯಾರ್ಥಿನಿಲಯಗಳ ಕಟ್ಟಡಗಳಲ್ಲಿ ದಿನಗಳನ್ನೆಣಿಸಿದರು. ಮಳೆಯನ್ನೇ ನಂಬಿದ ನಾಗಮಂಗಲದ ಬೆದ್ದಲು ಎಲ್ಲರನ್ನೂ ಸಾಕಲಾರದು. ನಾಲೆಯ ಬಯಲಿಗೆ ಬಳ್ಳಾರಿಯವರು ಬಂದಂತೆಯೇ ನಮ್ಮವರು ಬೆಂಗಳೂರಿಗೂ ಮುಂಬಯಿಗೂ ಹೋಗಿದ್ದಾರೆ. ಅಲ್ಲಿಯೂ ಯಾರದೋ ಊರಿನಲ್ಲಿ ನಮ್ಮ ಮಕ್ಕಳು ಪರಸ್ಥಳದವರೇ.

ಹಾಗಾದರೆ ಗೃಹಸ್ಥನು ಮಾಡಬಹುದಾದುದೇನು? ಕಬ್ಬು ಕಡಿಸಲು ಮೇಸ್ತ್ರಿಯೊಡನೆ ಮಾತಾಡುವಾಗ ಕೂಲಿಯನ್ನು ಗೊತ್ತುಮಾಡುತ್ತೇವೆ, ಮುಂಗಡ ಕೊಡುತ್ತೇವೆ. ಜೊತೆಯಲ್ಲಿ ಎಷ್ಟು ಮಕ್ಕಳಿದ್ದಾರೆಂದು ಕೇಳುವವರು ವಿರಳ. ಅದನ್ನು ಮೊದಲು ಕೇಳಬೇಕು. ಗುಡಾರ ಹೂಡಿದ ಮರುದಿನವೇ ಮಕ್ಕಳನ್ನು ಕರೆದುಕೊಂಡು ಊರಿನ ಮುಖ್ಯೋಪಾಧ್ಯಾಯರ ಬಳಿಗೆ ಹೋಗಬೇಕು. ಊರಿನ ಗಣ್ಯನೊಬ್ಬನು ಜೊತೆಗೆ ಬಂದರೆ ಕಾಗದಪತ್ರಗಳ ತೊಡಕು ಅರ್ಧ ಇಳಿಯುತ್ತದೆ. ನಮ್ಮ ರಾಜ್ಯದ ಶಾಲೆಯಲ್ಲಿ ಓದಿದ ಪ್ರತಿ ಮಗುವಿಗೂ ಎಸ್.ಎ.ಟಿ.ಎಸ್. ಎಂಬ ಗುರುತಿನ ಸಂಖ್ಯೆಯುಂಟು. ಹಳೆಯ ಶಾಲೆಯಿಂದ ಅದನ್ನು ಕೇಳಿ ತರಿಸಿಕೊಂಡರೆ ಮಗುವಿನ ಹಿಂದಿನ ಓದು ಕಳೆದುಹೋಗುವುದಿಲ್ಲ. ಕೈಗೂಸಿನ ವಿಚಾರಕ್ಕೆ, ದುಡಿಯುವ ಗ್ರಾಮೀಣ ತಾಯಂದಿರಿಗಾಗಿ ಸರ್ಕಾರ 2023ರಲ್ಲಿ ಘೋಷಿಸಿದ ‘ಕೂಸಿನ ಮನೆ’ ತಮ್ಮ ಪಂಚಾಯಿತಿಯಲ್ಲಿ ಇದೆಯೇ ಎಂದು ವಿಚಾರಿಸಬೇಕು. ಇಲ್ಲದಿದ್ದರೆ ಕೇಳಿ ಪಡೆಯಬೇಕು. ಕೂಸು ಅಲ್ಲಿ ಸೇರಿದರೆ ಅಕ್ಕ ಶಾಲೆಗೆ ಹೋಗುತ್ತಾಳೆ.

ಉಳಿದದ್ದು ಸಂಜೆಯ ಹೊತ್ತು. ನಮ್ಮ ಮನೆಗಳಿಗೆ ಜಗುಲಿಯುಂಟು, ಊರಿಗೊಂದು ಮಠದ ಪಡಸಾಲೆಯೋ ಗುಡಿಯ ಅಂಗಳವೋ ಉಂಟು, ಅಲ್ಲಿ ವಿದ್ಯುದ್ದೀಪವೂ ಉಂಟು. ಏಳರಿಂದ ಒಂಬತ್ತು ಗಂಟೆಯವರೆಗೆ ಅಲ್ಲಿ ನಾಲ್ಕು ಚಾಪೆ ಹಾಸಿ, ಪುಸ್ತಕಗಳನ್ನು ಒದ್ದೆಯಾಗದಂತೆ ಇಡಲು ಒಂದು ಗೂಡನ್ನು ಬಿಟ್ಟುಕೊಡಲು ಹೆಚ್ಚಿನ ಖರ್ಚೇನೂ ತಗಲದು.