ಬಾಲಸೇವಿಕೆಯ ಶಿಷ್ಯವೇತನ

ಹುಣಸೂರಿನಿಂದ ನಾಗರಹೊಳೆಯ ಕಡೆಗೆ ಹೊರಟರೆ, ಹೊಗೆಸೊಪ್ಪಿನ ಹೊಲಗಳು ಮುಗಿದು ಕಾಡು ಮೊದಲಾಗುವ ಎಡೆಯಲ್ಲಿ ವೀರನಹೊಸಹಳ್ಳಿ ಸಿಗುತ್ತದೆ. ಅದರ ಆಸುಪಾಸಿನಲ್ಲಿ ಜೇನುಕುರುಬರ ಹಾಡಿಗಳಿವೆ. ರಾಷ್ಟ್ರೀಯ ಉದ್ಯಾನದಿಂದ ಹೊರಬಂದ ಕುಟುಂಬಗಳು ನೆಲೆಸಿರುವ ನಾಗಾಪುರವೂ ಇದೆ. ಬೆಳಗಾಗುತ್ತಲೇ ಇಲ್ಲಿನ ತಾಯಂದಿರಲ್ಲಿ ಅನೇಕರು ಕೊಡಗಿನ ಕಾಫಿ ತೋಟಗಳ ಕೂಲಿಗೆ ಜೀಪು ಹತ್ತುತ್ತಾರೆ. ಹಿಂದೆ ಉಳಿಯುವ ಎಳೆಯ ಮಕ್ಕಳನ್ನು ನೋಡಿಕೊಳ್ಳುವವರು ಯಾರು? ಅಜ್ಜಿಯೋ, ಶಾಲೆ ಬಿಟ್ಟ ಅಕ್ಕನೋ, ಇಲ್ಲವೇ ಅಂಗನವಾಡಿಯ ಕಾರ್ಯಕರ್ತೆಯೋ.

ಅಂಗನವಾಡಿ ಎಂಬ ಹೆಸರಿನಲ್ಲಿ ನಮ್ಮ ‘ಅಂಗಳ’ವೇ ಅಡಗಿದೆ. 1920ರಲ್ಲಿ ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಅವರು ಬಾಲಮಂದಿರವನ್ನು ತೆರೆದರು. ಅವರೊಡನೆ ದುಡಿದ ತಾರಾಬಾಯಿ ಮೋಡಕ್ ಅವರು 1945ರಲ್ಲಿ ಮುಂಬಯಿಯ ಉತ್ತರಕ್ಕಿರುವ ಬೋರ್ಡಿಯಲ್ಲಿ ಬಡ ಮಕ್ಕಳಿಗಾಗಿ ಶಿಶುಶಾಲೆಯನ್ನು ಆರಂಭಿಸಿದರು. ಮಕ್ಕಳು ಶಾಲೆಗೆ ಬಾರದಿದ್ದರೆ ಶಾಲೆಯೇ ಅವರ ಅಂಗಳಕ್ಕೆ ಹೋಗಬೇಕೆಂಬುದು ಆಕೆಯ ನಿಲುವು. ಆದರೆ ಅಂಗಳಕ್ಕೆ ಹೋಗುವವರು ಬೇಕಲ್ಲ! ಮಗುವನ್ನು ಎತ್ತಿ ಆಡಿಸಬಲ್ಲವರೆಲ್ಲ ಮಗುವಿಗೆ ಕಲಿಸಬಲ್ಲರೆಂದು ಭಾವಿಸುವುದು ತಪ್ಪು. ತೂಕವಿಟ್ಟು ನಕ್ಷೆಯಲ್ಲಿ ಗುರುತಿಸುವುದು, ಬಡಕಲಾಗುತ್ತಿರುವ ಮಗುವನ್ನು ಮೊದಲೇ ಕಂಡುಹಿಡಿಯುವುದು, ಕಥೆ ಹೇಳುವುದು, ಇವೆಲ್ಲ ಕಲಿತು ಬರುವ ವಿದ್ಯೆಗಳು.

ಈ ವಿದ್ಯೆಗಾಗಿ 1961-62ರ ಸುಮಾರಿಗೆ ಭಾರತೀಯ ಶಿಶು ಕಲ್ಯಾಣ ಮಂಡಳಿಯು ಕೇಂದ್ರ ಸರಕಾರದ ನೆರವಿನಿಂದ ಬಾಲಸೇವಿಕೆಯರ ತರಬೇತಿಯನ್ನು ಆರಂಭಿಸಿತು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಕಣ್ದೆರೆಯಿತು. ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದುದು ನಮ್ಮ ಜಿಲ್ಲೆಯದೇ ಆದ ತಿರುಮಕೂಡಲು ನರಸೀಪುರ. ಆಗ ಮುಖ್ಯಮಂತ್ರಿಗಳಾಗಿದ್ದವರು ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ಡಿ. ದೇವರಾಜ ಅರಸರು. ಆಯ್ಕೆಯಾದ ಹೆಣ್ಣುಮಕ್ಕಳಿಗೆ ತರಬೇತಿಯ ಕಾಲದಲ್ಲಿ ಒಂದಿಷ್ಟು ಶಿಷ್ಯವೇತನ ದೊರೆಯುತ್ತಿತ್ತು.

ಆ ಹಣ ಅಲ್ಪವೇ. ಆದರೂ ಕೂಲಿಯ ಮನೆಯ ಲೆಕ್ಕವೇ ಬೇರೆ. ನನ್ನ ಶಿಷ್ಯೆಯೊಬ್ಬಳು, ಹಾಡಿಯ ಹುಡುಗಿ, ಹತ್ತನೆಯ ತರಗತಿ ಮುಗಿಸಿ ತರಬೇತಿಗೆ ಆಯ್ಕೆಯಾದಳು. ಆಗ ಅದು ಮೂರು ತಿಂಗಳ ಅವಧಿಯದು. ಮೂರು ತಿಂಗಳು ಅವಳ ಕೂಲಿ ನಿಂತಿತು. ಬಸ್ಸಿನ ದುಡ್ಡು ಮೊದಲ ದಿನವೇ ಬೇಕು. ಶಿಷ್ಯವೇತನವೋ ಕೊನೆಗೆ, ಅದೂ ತಡವಾಗಿ ಬಂದಿತು. ನಡುವಿನ ದಿನಗಳಿಗಾಗಿ ಅವಳ ತಾಯಿ ತೋಟದ ಮೇಸ್ತ್ರಿಯಿಂದ ಮುಂಗಡ ತಂದಳು. ಮುಂಗಡ ಪಡೆದವರು ಕಾಫಿ ಕೊಯ್ಲು ಮುಗಿಯುವವರೆಗೆ ಆ ತೋಟವನ್ನು ಬಿಡುವಂತಿರಲಿಲ್ಲ. ಸರಕಾರ ಕೊಡಬೇಕಾಗಿದ್ದ ನೆರವನ್ನು ಅಷ್ಟು ದಿನ ಕೊಟ್ಟವಳು ಆ ತಾಯಿ ಎಂದೇ ನಾನು ತಿಳಿಯುತ್ತೇನೆ. ಶಿಷ್ಯವೇತನವನ್ನು ದಾನವೆಂದು ಕರೆಯುವವರನ್ನು ಕಂಡಾಗ ನನಗೆ ಬೇಸರವಾಗುವುದು ಇದರಿಂದಲೇ.

ಹೊರಗಿನವರನ್ನೇ ನೇಮಿಸಿದರಾಗದೇ ಎಂದು ನೀವು ಕೇಳಬಹುದು. ಆಗಬಹುದು, ಅಕ್ಕರೆಯಿಂದ ದುಡಿಯುವ ಅಂಥವರನ್ನು ನಾನು ಕಂಡಿದ್ದೇನೆ. ಆದರೆ ಜೇನುಕುರುಬರ ಮೂರು ವರ್ಷದ ಮಗು ಮನೆಯಲ್ಲಿ ಕೇಳುವುದು ಜೇನುನುಡಿಯನ್ನು. ಹೊಟ್ಟೆನೋವನ್ನು ಅದು ಹೇಳಿಕೊಳ್ಳುವುದೂ ಆ ನುಡಿಯಲ್ಲೇ.

ಕಾಲ ಕಳೆದಂತೆ ಆರಂಭದ ತರಬೇತಿಯ ಅವಧಿ 26 ದಿನಗಳಿಗೆ ಇಳಿಯಿತು. 2023ರಲ್ಲಿ ಆಟ, ಪಾಠಗಳಿಗೆ ಒತ್ತುಕೊಟ್ಟು ಮೂರು ದಿನಗಳ ಹೊಸ ತರಬೇತಿ ಬಂದಿತು. ದಿನಗಳು ಕಡಿಮೆಯಾದುವು, ಆದರೆ ಬಾಗಿಲು ಎತ್ತರವಾಯಿತು: ಕಾರ್ಯಕರ್ತೆಗೆ ಹಿಂದೆ ಸಾಕಾಗಿದ್ದ ಹತ್ತನೆಯ ತರಗತಿ ಈಗ ಸಾಲದು, ಪಿ.ಯು.ಸಿ. ಬೇಕು. ವಿದ್ಯಾವಂತೆ ಬರುವುದು ಒಳ್ಳೆಯದೇ. ಆದರೆ ಹಾಡಿಯ ಹುಡುಗಿಗೆ ನಿಜವಾದ ಕಷ್ಟದ ಹಾದಿ ತರಬೇತಿಯದಲ್ಲ, ಅದಕ್ಕೆ ಮುಂಚಿನ ಎರಡು ವರ್ಷಗಳದು. ಹೀಗಾಗಿ ಕಾಲೇಜಿನಲ್ಲಿ ದೊರೆಯುವ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ, ವಿದ್ಯಾರ್ಥಿನಿಲಯದ ಒಂದು ಹಾಸಿಗೆ, ಇವೇ ಇಂದು ಬಾಲಸೇವಿಕೆಯ ಶಿಷ್ಯವೇತನಗಳಾಗಿವೆ. ಅವು ಜೂನ್ ತಿಂಗಳಲ್ಲೇ ಕೈಸೇರುವುದೋ, ಪರೀಕ್ಷೆ ಮುಗಿದ ಮೇಲೋ ಎಂಬುದರ ಮೇಲೆ ಎಷ್ಟೋ ಹುಡುಗಿಯರ ಓದು ನಿಂತಿದೆ.

ನನ್ನ ಶಿಷ್ಯೆ ತರಬೇತಿ ಮುಗಿಸಿ ತನ್ನ ಹಾಡಿಗೇ ಬಂದಳು. ಶಿಷ್ಯವೇತನ ಬಂದ ದಿನ ತಾಯಿಯ ಮುಂಗಡವನ್ನು ತೀರಿಸಿದಳು. ಮರುದಿನದಿಂದ ತೋಟಕ್ಕೆ ಹೊರಡುವ ಹೆಂಗಸರು ಜೀಪು ಹತ್ತುವ ಮುನ್ನ ಮಕ್ಕಳನ್ನು ಅವಳ ಅಂಗಳದಲ್ಲಿ ಬಿಟ್ಟು ಹೋಗುತ್ತಿದ್ದರು.