ಬೀರುವಿನಲ್ಲಿ ಮಲಗಿರುವ ಕ್ಯಾಮೆರಾ ಎಬ್ಬಿಸುವುದು ಹೇಗೆ?

ಸೀರೆಗಳ ಅಡಿಯಲ್ಲೋ ಮದುವೆ ಆಲ್ಬಮ್ಮಿನ ಪಕ್ಕದಲ್ಲೋ ಅಂಗೈಯಗಲದ ಡಿಜಿಟಲ್ ಕ್ಯಾಮೆರಾ ಒಂದು ಎಷ್ಟೋ ಮನೆಗಳಲ್ಲಿ ಇನ್ನೂ ಇದೆ. ಹದಿನೈದಿಪ್ಪತ್ತು ವರ್ಷದ ಹಿಂದೆ ಕೊಂಡದ್ದು, ಮೊಬೈಲ್ ಬಂದಮೇಲೆ ಯಾರೂ ಮುಟ್ಟಿಲ್ಲ. ಈಗ ಕಾಲೇಜಿನ ಮಕ್ಕಳು ಅದನ್ನೇ ‘ಡಿಜಿಕ್ಯಾಮ್’ ಎಂದು ಕೇಳಿಕೊಂಡು ಬರುತ್ತಿದ್ದಾರೆ. ಮಗಳ ಕಾಟಕ್ಕೆ ನಾನೂ ನಮ್ಮದನ್ನು ಹುಡುಕಿ ತೆಗೆದೆ. ಆನ್ ಆಗಲಿಲ್ಲ. ಗುಜರಿಗೆ ಹಾಕೋಣ ಎನ್ನುವಷ್ಟರಲ್ಲಿ ತಿಳಿಯಿತು, ಸತ್ತಿದ್ದು ಕ್ಯಾಮೆರಾ ಅಲ್ಲ, ಬ್ಯಾಟರಿ. ಹಾಗಾಗಿ ಅಂಗಡಿಗೆ ಓಡುವ ಮೊದಲು ಮನೆಯಲ್ಲೇ ಏನೇನು ನೋಡಬಹುದು ಎಂಬುದನ್ನು ಒಂದೊಂದಾಗಿ ಹೇಳುತ್ತೇನೆ.

ಮೊದಲು ಬ್ಯಾಟರಿ

ಬ್ಯಾಟರಿ ಹೊರತೆಗೆದು ಮೇಜಿನ ಮೇಲಿಟ್ಟು ನೋಡಿ. ಹೊಟ್ಟೆ ಉಬ್ಬಿ ಆಚೀಚೆ ತೂಗಾಡಿದರೆ ಅದನ್ನು ಚಾರ್ಜ್ ಮಾಡುವ ಸಾಹಸ ಬೇಡ, ಇ-ತ್ಯಾಜ್ಯ ಪಡೆಯುವಲ್ಲಿಗೆ ಕೊಡಿ. ಆಕಾರ ಸರಿಯಿದ್ದರೆ ಅದರದೇ ಚಾರ್ಜರಿನಲ್ಲಿ, ಕಣ್ಣೆದುರೇ, ಎರಡು ಗಂಟೆ ಇಡಿ. ಜೀವ ಬರದಿದ್ದರೆ ಬ್ಯಾಟರಿಯ ಮೈಮೇಲಿನ ನಂಬರ್ ಬರೆದುಕೊಳ್ಳಿ. ಹೊಸದನ್ನು ಕೊಳ್ಳಲು ಕ್ಯಾಮೆರಾದ ಹೆಸರಿಗಿಂತ ಈ ನಂಬರ್ ಮುಖ್ಯ.

ಪೆನ್ಸಿಲ್ ಸೆಲ್ ಹಾಕುವ ಕ್ಯಾಮೆರಾ ಆಗಿದ್ದರೆ ಒಳಗೆ ಮರೆತುಬಿಟ್ಟ ಸೆಲ್ ಸೋರಿ ಬಿಳಿ ಪುಡಿ ಕಟ್ಟಿರಬಹುದು. ಹತ್ತಿ ಸುತ್ತಿದ ಕಡ್ಡಿಗೆ ಒಂದೆರಡು ಹನಿ ನಿಂಬೆರಸ ತಾಗಿಸಿ ತಂತಿಯನ್ನು ಒರೆಸಿ, ಬಳಿಕ ನೀರಿನಲ್ಲಿ ಅದ್ದಿ ಹಿಂಡಿದ ಹತ್ತಿಯಿಂದ ಮತ್ತೊಮ್ಮೆ ಒರೆಸಿ, ಪೂರ್ತಿ ಒಣಗಲು ಬಿಡಿ. ಗೋಡೆ ಗಡಿಯಾರಕ್ಕೆ ಹಾಕುವ ಅಗ್ಗದ ಸೆಲ್ ಇದಕ್ಕೆ ಸಾಲದು. ನಾಲ್ಕು ಫೋಟೊಕ್ಕೆ ಸುಸ್ತಾಗುತ್ತದೆ. ರೀಚಾರ್ಜ್ ಮಾಡಬಹುದಾದ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ ತನ್ನಿ. ಅದರ ಮೇಲೆ 1.5 ಬದಲು 1.2 ವೋಲ್ಟ್ ಎಂದಿರುತ್ತದೆ, ಹೆದರಬೇಡಿ. ಫ್ಲ್ಯಾಶ್ ಒಮ್ಮೆಲೇ ಕೇಳುವ ಕರೆಂಟನ್ನು ಕೊಡುವುದರಲ್ಲಿ ಅದೇ ಗಟ್ಟಿ.

ಇಷ್ಟಾದರೂ ಆನ್ ಆಗದಿದ್ದರೆ ಸ್ಕ್ರೂಡ್ರೈವರ್ ಮಾತ್ರ ಎತ್ತಬೇಡಿ. ಫ್ಲ್ಯಾಶ್‌ಗೆಂದು ಒಳಗಿರುವ ಕೆಪಾಸಿಟರ್, ಬ್ಯಾಟರಿ ತೆಗೆದ ಮೇಲೂ ಸುಮಾರು 300 ವೋಲ್ಟ್ ಹಿಡಿದಿಟ್ಟುಕೊಂಡಿರಬಹುದು. ಅದು ರಿಪೇರಿಯವರ ಕೆಲಸ.

ಕಾರ್ಡ್ ತಕರಾರು

ಹೆಚ್ಚು ಜನ ಎಡವುವುದು ಇಲ್ಲಿ. ಕಾರ್ಡ್ ಕಳೆದುಹೋಗಿದೆ ಎಂದು 64 ಜಿಬಿಯದೊಂದನ್ನು ತಂದು ತೂರಿಸುತ್ತಾರೆ, ‘ಕಾರ್ಡ್ ಎರರ್’ ಎಂದು ಬರುತ್ತದೆ, ಕ್ಯಾಮೆರಾ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಸಾದಾ ಎಸ್‌ಡಿ ಕಾರ್ಡಿನ ಮಿತಿ 2 ಜಿಬಿ. 32 ಜಿಬಿವರೆಗಿನ ಎಸ್‌ಡಿಎಚ್‌ಸಿ ಬಂದದ್ದು 2006ರಲ್ಲಿ. ಅದಕ್ಕೂ ಹಿಂದಿನ ಕ್ಯಾಮೆರಾಗಳಿಗೆ ಈ ಹೊಸ ಕಾರ್ಡಿನ ಭಾಷೆಯೇ ತಿಳಿಯದು. ಕಾರ್ಡ್ ಹಾಕುವ ಜಾಗದ ಬಳಿ ಯಾವ ಗುರುತಿದೆ ನೋಡಿ: ಬರೀ ಎಸ್‌ಡಿ ಎಂದಿದ್ದರೆ 2 ಜಿಬಿ ಅಥವಾ ಕಡಿಮೆಯದು, ಎಸ್‌ಡಿಎಚ್‌ಸಿ ಎಂದಿದ್ದರೆ 8 ಜಿಬಿ ಧಾರಾಳ. ಕೆಲವು ಹಳೆಯ ಒಲಿಂಪಸ್, ಫ್ಯೂಜಿಫಿಲ್ಮ್ ಕ್ಯಾಮೆರಾಗಳು ಎಕ್ಸ್‌ಡಿ ಎಂಬ ಬೇರೆಯದೇ ಕಾರ್ಡ್ ಕೇಳುತ್ತವೆ. ಈಗ ಅದು ಹಳೆ ಸಾಮಾನಿನ ಅಂಗಡಿಗಳಲ್ಲಿ ಸಿಕ್ಕರೆ ಪುಣ್ಯ. ‘ಲಾಕ್’ ಎಂದು ಬಂದರೆ ಎಸ್‌ಡಿ ಕಾರ್ಡಿನ ಎಡಬದಿಯ ಪುಟ್ಟ ಗುಂಡಿಯನ್ನು ಮೇಲಕ್ಕೆ ಸರಿಸಿ, ಅಷ್ಟೇ.

ಹಳೆಯ ಕಾರ್ಡ್ ಸಿಕ್ಕರೆ ಫಾರ್ಮ್ಯಾಟ್ ಮಾಡುವ ಆತುರ ಬೇಡ. ಅದರಲ್ಲಿದ್ದದ್ದನ್ನು ಮೊದಲು ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಕಾರ್ಡ್ ತೆಗೆದಿಟ್ಟು ಒಮ್ಮೆ ಆನ್ ಮಾಡಿ ನೋಡುವುದೂ ಒಳ್ಳೆಯದು. ಅನೇಕ ಮಾದರಿಗಳಿಗೆ ತಮ್ಮದೇ ಒಂದಿಷ್ಟು ಒಳಮೆಮೊರಿ ಇತ್ತು. ನಮ್ಮದರಲ್ಲಿ ಒಂಬತ್ತು ಫೋಟೊ ಇದ್ದವು. ಒಂದರಲ್ಲಿ ಅಪ್ಪ ಸ್ಟೂಲಿನ ಮೇಲೆ ನಿಂತು ತೋರಣ ಕಟ್ಟುತ್ತಿದ್ದಾರೆ. ಅಂಥ ಫೋಟೊ ತೆಗೆದದ್ದೇ ಯಾರಿಗೂ ನೆನಪಿರಲಿಲ್ಲ.

ಲೆನ್ಸ್

ಟಾರ್ಚ್ ಓರೆಯಾಗಿ ಹಿಡಿದು ಇಣುಕಿ. ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಬೂಷ್ಟು. ಮಲೆನಾಡು, ಕರಾವಳಿಯ ಮನೆಗಳಲ್ಲಿ ಇದು ಮಾಮೂಲು. ಹೊರಮೈ ಧೂಳನ್ನು ರಬ್ಬರ್ ಬ್ಲೋವರ್‌ನಿಂದ ಊದಿ, ಆಮೇಲೆ ಮೆತ್ತನೆಯ ಲೆನ್ಸ್ ಬಟ್ಟೆಯಿಂದ ಒರೆಸಿ. ಬಾಯಿಂದ ಊದಿದರೆ ಎಂಜಲು ಹಾರುತ್ತದೆ, ಸೆರಗಿನಿಂದ ತಿಕ್ಕಿದರೆ ಗೀರು ಬೀಳುತ್ತದೆ. ಒಳಗಿನ ಬೂಷ್ಟಿಗೆ ಮನೆಮದ್ದಿಲ್ಲ. ಅಕ್ಕಿ ಡಬ್ಬದಲ್ಲಿ ಹುಗಿಯುವುದು ಮದ್ದಲ್ಲ, ಹೊಸ ಧೂಳು.

ಇನ್ನು ತೆಗೆಯೋಣ

ದಿನಾಂಕ, ಗಂಟೆ ಸರಿಪಡಿಸಿ. ಮೊಬೈಲಿಗೆ ಒಗ್ಗಿದ ಮಕ್ಕಳು ಪರದೆಯನ್ನು ಕುಟ್ಟುತ್ತಾರೆ. ಇಲ್ಲಿ ಗುಂಡಿಯನ್ನು ಅರ್ಧ ಒತ್ತಿ ಹಿಡಿಯಬೇಕು. ಹಸಿರು ಚೌಕ ಮೂಡಿದ ಮೇಲೆ ಪೂರ್ತಿ ಒತ್ತಬೇಕು. ಈ ಒಂದು ಅಭ್ಯಾಸದಿಂದಲೇ ಮಸುಕು ಫೋಟೊ ಅರ್ಧಕ್ಕರ್ಧ ತಪ್ಪುತ್ತವೆ ಎಂಬುದು ನನ್ನ ಅನುಭವ. ಡಿಜಿಟಲ್ ಜೂಮ್ ಆಫ್ ಮಾಡಿ, ಎರಡು ಹೆಜ್ಜೆ ಮುಂದೆ ನಡೆಯಿರಿ. ಸೂರ್ಯ ಅಥವಾ ಬಲ್ಬಿನ ಕಡೆ ತಿರುಗಿಸಿದಾಗ ಪರದೆಯ ಮೇಲೆ ಉದ್ದಕ್ಕೆ ಗೆರೆ ಎದ್ದರೆ ಗಾಬರಿಯಾಗಬೇಡಿ. ಅದು ಆ ಕಾಲದ ಸಿಸಿಡಿ ಸೆನ್ಸರಿನ ಗುಣ, ಫೋಟೊದಲ್ಲಿ ಸಾಮಾನ್ಯವಾಗಿ ಬರುವುದಿಲ್ಲ.

ರಾತ್ರಿ, ಮಂದ ಬೆಳಕು ಮೊಬೈಲಿಗೇ ಬಿಡಿ. ಅದು ಹಲವು ಫ್ರೇಮ್ ಕೂಡಿಸಿ ಚಿತ್ರ ಮಾಡುತ್ತದೆ, ಈ ಮುದುಕನಿಗೆ ಆ ವಿದ್ಯೆ ಗೊತ್ತಿಲ್ಲ. ಐಎಸ್ಒ 400 ದಾಟಿದರೆ ಚಿತ್ರದ ತುಂಬ ರವೆ ಚೆಲ್ಲಿದಂತಾಗುತ್ತದೆ. ಫ್ಲ್ಯಾಶ್ ಬೆಳಕು ಮುಟ್ಟುವುದು ಮೂರು ಮೀಟರ್ ಆಸುಪಾಸು, ಸಭಾಂಗಣದ ಕೊನೆ ಸಾಲಿನಿಂದ ವೇದಿಕೆಗೆ ಹೊಡೆದರೆ ಮುಂದಿನವರ ತಲೆಗಳಷ್ಟೇ ಬೆಳಗುತ್ತವೆ. ಸಂಜೆ ಐದರ ಜಗುಲಿಯ ಬೆಳಕು ಕೊಡಿ, ಆಗ ನೋಡಿ ಬಣ್ಣ. ಪಿಕ್ಸೆಲ್ ಕಡಿಮೆಯಾಯಿತೆಂಬ ಕೊರಗೂ ಬೇಡ: 4×6 ಇಂಚಿನ ಚೊಕ್ಕ ಪ್ರಿಂಟಿಗೆ 2 ಮೆಗಾಪಿಕ್ಸೆಲ್ ಸಾಕು.

ಮತ್ತೆ ಒಳಗಿಡುವಾಗ ಬ್ಯಾಟರಿ ತೆಗೆದಿಡಿ. ಚರ್ಮದ ಚೀಲ ಬಿಟ್ಟು, ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಕ್ಕೆ ಹಾಕಿ. ಚಾರ್ಜರ್ ಕೂಡ ಅದೇ ಡಬ್ಬದಲ್ಲಿರಲಿ. ನಮ್ಮದನ್ನು ಹುಡುಕಲು ಎರಡು ಭಾನುವಾರ ಹಿಡಿಯಿತು.